ಎರಡೂವರೆ ಮಿಲಿಮೀಟರ್

ಟೈರ್ ಅಂಗಡಿ ನಡೆಸುವ ಟೈರಕ್ಕನದು ಸಿಟ್ಟು ಬಂದರೆ ಎದುರಿಗಿರುವವರು ವಕೀಲರೋ ಮಂತ್ರಿಗಳೋ ಎಂದು ನೋಡುವ ಜಾಯಮಾನವೇ ಅಲ್ಲ. ಅವತ್ತು ವಕೀಲರ ಕೋಣೆಯಲ್ಲಿ ಆದದ್ದೂ ಅದೇ. "ನಿಮ್ಮ ತಮ್ಮನ ಕಾರಿಗೆ ಕಂಪನಿ ಚಕ್ರ ತೆಗೆದು ಬೇರೆ ಸೈಜು ಹಾಕಿದ್ದು ನೀವೇ ಅಂತೆ, ಅದರಲ್ಲಿ ಏನಾದ್ರೂ ಲೆಕ್ಕ ತಪ್ಪಿರಬಹುದಾ?" ಎಂದು ಅವರು ಕೇಳಿದ್ದೇ ತಡ, ಕುರ್ಚಿಯ ತುದಿಗೆ ಬಂದಳು.

"ಲೆಕ್ಕ ತಪ್ಪೋದಾ? ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ ಸಾರ್. ನಾನು ಹಾಕಿದ ಚಕ್ರ ಒಂದು ಕೂದಲೆಳೆ ಆಚೀಚೆ ಆಗಿದೆ ಅಂತ ಯಾರಾದ್ರೂ ಹೇಳ್ಲಿ ನೋಡೋಣ, ಅಂಗಡಿಗೆ ಬೀಗ ಜಡಿದು ಮನೇಲಿ ಕೂತ್ಕೋತೀನಿ!"

ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಕೂತಿದ್ದ ತಮ್ಮ ತಲೆ ತಗ್ಗಿಸಿದ. ಹಿಂದಿನಿಂದ ಅಮ್ಮ, "ಅಯ್ಯೋ, ಸ್ವಲ್ಪ ಬಾಯಿ ಮುಚ್ಕೊಳ್ಳೇ. ಅವರು ಯಾಕೆ ಕೇಳ್ತಿದಾರೆ ಅಂತ ಮೊದಲು ತಿಳ್ಕೋ," ಎಂದರು.

"ತಪ್ಪಿದ್ರೆ ಒಳ್ಳೇದಿತ್ತಮ್ಮ," ಎಂದರು ವಕೀಲರು ಮೆಲ್ಲಗೆ.

ತಿಂಗಳ ಹಿಂದೆ, ಗೋದಾಮುಗಳ ಸಾಲಿನ ರಸ್ತೆಯಲ್ಲಿ, ಹಾಡುಹಗಲೇ ತಮ್ಮನ ಕಾರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಕಾವಲುಗಾರನೊಬ್ಬನಿಗೆ ಹೊಡೆದಿತ್ತು. ಆತ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ. ಆ ರಸ್ತೆಯ ವೇಗದ ಮಿತಿ ಗಂಟೆಗೆ ಅರವತ್ತು ಕಿಲೋಮೀಟರ್; ಕ್ಯಾಮೆರಾದಲ್ಲಿ ಬಂದದ್ದು ಅರವತ್ನಾಲ್ಕು. ನಾಲ್ಕು ತಾನೇ ಎನ್ನುವ ಹಾಗಿಲ್ಲ. ತಮ್ಮ ಮೊದಲೇ ಎರಡು ಸಲ ವೇಗಕ್ಕೆ ಸಿಕ್ಕಿಬಿದ್ದವನು. ಇನ್ನೊಮ್ಮೆ ಬೇಕೆಂದೇ ಮಿತಿ ದಾಟಿದರೆ ಜೈಲೇ ಗತಿ ಎಂದು ನ್ಯಾಯಾಧೀಶರು ಹೇಳಿ ಕಳಿಸಿದ್ದರು. ಈಗ ಜೀವವೇ ಹೋಗಿದೆ, ಆರು ವರ್ಷಕ್ಕೆ ಕಡಿಮೆಯಿಲ್ಲ. ಆದರೆ ತಮ್ಮ ಆಣೆ ಮಾಡಿ ಹೇಳುತ್ತಿದ್ದ, ಮೀಟರಿನ ಮುಳ್ಳು ಅರವತ್ತರ ಒಳಗೇ ಇತ್ತು ಅಂತ.

ಮೀಟರಿಗೆ ಚಕ್ರ ಎಷ್ಟು ಸುತ್ತು ಸುತ್ತಿತು ಎನ್ನುವುದಷ್ಟೇ ಗೊತ್ತು, ಚಕ್ರ ಎಷ್ಟು ದೊಡ್ಡದು ಎನ್ನುವುದು ಗೊತ್ತಿಲ್ಲ. ಕಂಪನಿ ಕೊಟ್ಟದ್ದಕ್ಕಿಂತ ಎತ್ತರದ ಚಕ್ರ ಹಾಕಿದರೆ ಒಂದೊಂದು ಸುತ್ತಿಗೂ ಕಾರು ಹೆಚ್ಚು ದೂರ ಹೋಗುತ್ತದೆ. ಪಾಪದ ಮೀಟರು ಹಳೇ ಲೆಕ್ಕವನ್ನೇ ಒಪ್ಪಿಸುತ್ತಾ ಕೂತಿರುತ್ತದೆ. ಹಾಗಾದರೆ ತಪ್ಪು ಓಡಿಸಿದವನದ್ದಲ್ಲ, ಚಕ್ರ ಆರಿಸಿದವಳದ್ದು. ವಕೀಲರು ಹುಡುಕುತ್ತಿದ್ದುದು ಅದನ್ನೇ. ಟೈರಕ್ಕನಿಗೆ ಅದು ಹೊಳೆಯುವ ಹೊತ್ತಿಗೆ ಬಾಯಿಂದ ಮಾತು ಹೊರಟು ಹೋಗಿತ್ತು. ಅಪರೂಪಕ್ಕೆ ಅವಳಿಗೆ ತನ್ನ ನಾಲಿಗೆಯ ಮೇಲೇ ಹೇಸಿಗೆಯಾಯಿತು.

ಎರಡು ವರ್ಷದ ಹಿಂದೆ ತಮ್ಮ ಆ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ಸೆಕೆಂಡ್ ಹ್ಯಾಂಡಿಗೆ ತಂದಾಗ ಅದರಲ್ಲಿ ಕಂಪನಿಯದೇ 205/55 R16 ಟೈರು ಇತ್ತು. ಮೊದಲನೆಯದು ಟೈರಿನ ಅಗಲ, ಎರಡನೆಯದು ಆ ಅಗಲದಲ್ಲಿ ನೂರಕ್ಕೆ ಎಷ್ಟು ಪಾಲು ರಬ್ಬರಿನ ಎತ್ತರ ಎನ್ನುವುದು, ಕೊನೆಯದು ರಿಮ್ಮಿನ ಇಂಚು. ತಮ್ಮನಿಗೆ 245/45 R18 ಬೇಕಿತ್ತು. ಅಂಗಡಿಯಲ್ಲೇ ಕೂತು ಎರಡು ದಿನ ಹಟ ಹಿಡಿದ.

"ಗಾಡಿ ಓಡಿಸೋಕೋ, ಫೋಟೋ ತೆಗೆಸೋಕೋ?" ಎಂದು ಅಕ್ಕ ರೇಗಿಸಿದ್ದಳು. "ತಿರುಗಿಸಿದ್ರೆ ಮಡ್‌ಗಾರ್ಡಿಗೆ ಉಜ್ಜುತ್ತೆ. ಮೀಟರು ಸುಳ್ಳು ಹೇಳುತ್ತೆ. ರಿಮ್ ದೊಡ್ಡದಾದ್ರೆ ರಬ್ಬರು ಚಿಕ್ಕದಾಗ್ಬೇಕು ಕಣೋ ಪೆದ್ದ, ಒಟ್ಟು ಎತ್ತರ ಹಂಗೇ ಇರ್ಬೇಕು." ಕೊನೆಗೆ ಹಾಕಿದ್ದು 225/45 R17. ಹಳೆಯ ಚಕ್ರಕ್ಕೂ ಹೊಸದಕ್ಕೂ ಎತ್ತರದಲ್ಲಿ ಎರಡೂವರೆ ಮಿಲಿಮೀಟರ್ ವ್ಯತ್ಯಾಸ. ಅಷ್ಟಕ್ಕೆ ಮೀಟರಿನ ಮುಳ್ಳು ಅಲುಗುವುದೂ ಇಲ್ಲ. ತಮ್ಮ ಒಂದು ಸುತ್ತು ಓಡಿಸಿಕೊಂಡು ಬಂದು, "ಅಕ್ಕ, ಬೆಣ್ಣೆ ಹಂಗೆ ಹೋಗುತ್ತೆ!" ಎಂದು ಅವಳನ್ನು ಅಪ್ಪಿಕೊಂಡಿದ್ದ.

ಅವನು ಕೇಳಿದ್ದನ್ನೇ ಕೊಟ್ಟಿದ್ದರೆ ಕ್ಯಾಮೆರಾದ ಅರವತ್ನಾಲ್ಕು, ಮೀಟರಿನಲ್ಲಿ ಐವತ್ತೊಂಬತ್ತೂ ಚಿಲ್ಲರೆ ಆಗಿರುತ್ತಿತ್ತು. ಈ ಲೆಕ್ಕ ವಕೀಲರ ಮೆಟ್ಟಿಲು ಇಳಿಯುವಾಗಲೇ ಅವಳ ತಲೆಯಲ್ಲಿ ಮುಗಿದಿತ್ತು. ಮೂರನೇ ಮೆಟ್ಟಿಲಲ್ಲಿ ಕೈಕಂಬಿ ಹಿಡಿದು ನಿಂತುಬಿಟ್ಟಳು.

ಆ ವಾರವೆಲ್ಲ ಟೈರಕ್ಕ ಮಾಡಿದ್ದು ಒಂದೇ ಕೆಲಸ: ತನ್ನ ತಪ್ಪನ್ನು ಹುಡುಕುವುದು. ಎಂಥಾ ಹಣೆಬರಹ ನೋಡಿ! ಹಳೇ ಕೆಲಸದ ಚೀಟಿ ಹುಡುಕಿ ತೆಗೆದಳು. ತನ್ನದೇ ಕೈಬರಹ, ಸೈಜು ಸರಿ. ಟೈರ್ ಕಂಪನಿಯವರು ಬೇರೆ ಸೈಜು ಕಳಿಸಿ ತಾನು ನೋಡದೇ ಹಾಕಿರಬಹುದೇ? ಅಂದು ತೆಗೆದ ಫೋಟೋ ದೊಡ್ಡದು ಮಾಡಿ ನೋಡಿದರೆ ರಬ್ಬರಿನ ಮೇಲೆ ಅದೇ ಅಂಕಿ. ಗಾಳಿ ಹೆಚ್ಚಿದ್ದರೆ? ಅದು ಕೂದಲೆಳೆಯಷ್ಟೂ ಎತ್ತರ ಕೊಡುವುದಿಲ್ಲ. ಸವೆತ? ಅದರ ಬಗ್ಗೆ ಯೋಚಿಸಿದಾಗ ಅವಳಿಗೆ ನಗು ಬಂತು, ಕೆಟ್ಟ ನಗು. ಸವೆದರೆ ಚಕ್ರ ಗಿಡ್ಡವಾಗುತ್ತದೆ. ಇದ್ದ ಎರಡೂವರೆ ಮಿಲಿಮೀಟರೂ ಸವೆದು ಹೋಗಿರುತ್ತದೆ.

"ತಪ್ಪು ನಂದೇ ಅಂತ ಹೇಳಿಬಿಡೇ," ಎಂದರು ಅಮ್ಮ, ತಟ್ಟೆ ಮುಂದಿಡುತ್ತಾ. "ಅಂಗಡಿ ಹೋದ್ರೆ ಹೋಗ್ಲಿ. ಅವನೊಬ್ಬ ಉಳ್ಕೊಳ್ಳಲಿ."

"ನಾನೇನು ಬೇಡ ಅಂದ್ನಾ ಅಮ್ಮ? ನಾಳೇನೇ ಹೇಳ್ತೀನಿ. ಅಂಗಡಿ ಅಲ್ಲ, ನನ್ನನ್ನೇ ಒಳಗೆ ಹಾಕ್ಲಿ. ಆದ್ರೆ ಕಾರು ಸ್ಟೇಷನ್ನಲ್ಲಿದೆ, ಸೈಜು ಟೈರಿನ ಮೇಲೆ ಅಚ್ಚು ಹೊಡೆದಿದೆ. ನಾನು ಹೇಳಿದ್ರೆ ರಬ್ಬರು ಕೇಳುತ್ತಾ?"

ಅಮ್ಮ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದರು. ಅನ್ನ ತಣ್ಣಗಾಯಿತು. ಸತ್ತವನ ಹೆಂಡತಿಯನ್ನು ಟೈರಕ್ಕ ಕೋರ್ಟಿನ ಜಗಲಿಯಲ್ಲಿ ಒಮ್ಮೆ ಕಂಡಿದ್ದಳು. ಆ ಹೆಂಗಸು ಯಾರನ್ನೂ ಬೈಯದೆ, ಗಂಡನ ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಆ ಸಾವು ನನ್ನ ಕೈಯಿಂದಲೇ ಆಗಿರಲಪ್ಪ ಎಂದು ಟೈರಕ್ಕ ಈಗ ನಿಜವಾಗಿ ಬೇಡಿಕೊಂಡಳು. ಇನ್ನೊಂದೇ ದಾರಿ ಉಳಿದಿತ್ತು. ತನ್ನ ಕೈ ತಪ್ಪಿಲ್ಲವೆಂದರೆ ತಮ್ಮ ಸುಳ್ಳು ಹೇಳುತ್ತಿದ್ದಾನೆ. ಆ ದಾರಿಯತ್ತ ಅವಳು ಕಣ್ಣೂ ಹಾಯಿಸಲಿಲ್ಲ.

ಶುಕ್ರವಾರ ಬೆಳಗ್ಗೆ ವಾಹನ ತಪಾಸಣೆಯ ಅಧಿಕಾರಿ ಬಂದರು. ಚಕ್ರ ಹಾಕಿದವಳೆಂದು ಅವಳನ್ನು ಸ್ಟೇಷನ್ನಿನ ಹಿತ್ತಲಿಗೆ ಬಿಟ್ಟರು, ತಮ್ಮನನ್ನು ಗೇಟಿನಾಚೆಯೇ ನಿಲ್ಲಿಸಿದರು. ಕಾರಿನ ಮುಂದಿನ ಗಾಜು ಬಿರುಕು ಬಿಟ್ಟಿತ್ತು, ಬಾನೆಟ್ಟಿನ ಮೇಲೆ ಧೂಳು ಕೂತಿತ್ತು. ಅಧಿಕಾರಿ ಅವಸರವಿಲ್ಲದ ಮನುಷ್ಯ. ನಾಲ್ಕೂ ಟೈರಿನ ಅಂಕಿ ಬರೆದುಕೊಂಡರು, ಗಾಳಿ ನೋಡಿದರು, ಸವೆತ ಅಳೆದರು. ನೆಲದ ಮೇಲೆ ಗೆರೆ ಎಳೆದು ಕಾರನ್ನು ತಳ್ಳಿಸಿ, ಚಕ್ರ ಒಂದು ಸುತ್ತು ಬಂದಾಗ ಟೇಪು ಹಿಡಿದರು. ಟೈರಕ್ಕ ಟೇಪಿನ ಮೇಲೆ ಬಗ್ಗಿದಳು. ಅಂಕಿ ಓದಲು ಅವಳಿಗೆ ಕನ್ನಡಕ ಬೇಕಾಗಲಿಲ್ಲ.

"ಕಂಪನಿ ಚಕ್ರಕ್ಕೂ ಇದಕ್ಕೂ ಒಂದು ಮಿಲಿಮೀಟರೂ ವ್ಯತ್ಯಾಸ ಇಲ್ಲ," ಎಂದರು ಅಧಿಕಾರಿ, ಬೆನ್ನು ನೆಟ್ಟಗೆ ಮಾಡುತ್ತಾ. ಅವರ ಮುಖದಲ್ಲಿ ಮೆಚ್ಚುಗೆಯಿತ್ತು. "ಇಂಥ ಗಾಡಿಗಳಿಗೆ ಜನ ಏನೇನೋ ಹಾಕ್ಕೊಂಡು ಬರ್ತಾರೆ. ಇಷ್ಟು ಅಚ್ಚುಕಟ್ಟಾಗಿ ಹಾಕಿರೋದನ್ನ ನಾನು ನೋಡೇ ಇರ್ಲಿಲ್ಲ. ನಿಮ್ಮ ಅಂಗಡಿ ಎಲ್ಲಿ ಬರುತ್ತಮ್ಮ? ನನ್ನ ಮಗಳ ಕಾರಿಗೂ ಹಾಕಿಸ್ಬೇಕು."

ಅವಳು ಅಂಗಡಿಯ ವಿಳಾಸ ಹೇಳಿದಳು. ತೋರಿಸಿದ ಕಡೆ ಸಹಿಯನ್ನೂ ಮಾಡಿದಳು.

ಗೇಟಿನಾಚೆ ತಮ್ಮ ಅವಳ ಮುಖ ನೋಡುತ್ತಲೇ ಗೋಡೆಗೊರಗಿದ.

"ಒಂದು ಮಾತು ಹೇಳೋ," ಎಂದಳು ಟೈರಕ್ಕ. "ಮೀಟರು ಎಷ್ಟು ತೋರಿಸ್ತಿತ್ತು?"

ಅವನು ರಸ್ತೆಯ ಕಡೆಗೆ ಮುಖ ತಿರುಗಿಸಿದ.

"ಅರವತ್ನಾಲ್ಕು," ಎಂದ. "ನೋಡ್ದೆ ಅಕ್ಕ. ನಾಲ್ಕೇ ಅಲ್ವಾ ಅನ್ಕೊಂಡೆ. ಆಮೇಲೆ, ನೀನು ಎಲ್ಲಾದ್ರೂ ಒಂದು ಕಡೆ ತಪ್ಪಿರ್ತೀಯ, ಅಷ್ಟರಲ್ಲಿ ನಾನು ಉಳ್ಕೋತೀನಿ ಅಂತ..." ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತ.

ಕೆನ್ನೆಗೆ ಬಾರಿಸಲು ಎತ್ತಿದ ಕೈ ಹಾಗೇ ಅವನ ತಲೆಯ ಮೇಲೆ ಇಳಿಯಿತು. "ನಾನೂ ಹುಡುಕಿದೆ ಕಣೋ," ಎಂದಳು. "ವಾರವೆಲ್ಲ ಹುಡುಕಿದೆ. ಸಿಗ್ಲಿಲ್ಲ."