ಆರಾಮ ಅದೀನ್ರೀ

ಧೋತರದ ಅಂಚು ತೊಡೆಸಂದಿಗೆ ತಾಗಿತು, ಅಷ್ಟೇ, ಗಾಳಿಗೆ ಅಲ್ಲಾಡಿದ ಬಟ್ಟೆ, ಆದರೂ ಒಳಗೆ ಯಾರೋ ದಾರ ಹಿಡಿದು ಜಗ್ಗಿದ ಹಾಗಾಯಿತು, ಮಾಳಿಂಗಪ್ಪ ದವಾಖಾನೆಯ ಪಡಸಾಲೆಯ ಬೆಂಚಿನ ಮೇಲೆ ಎಡಕ್ಕೆ ವಾಲಿದ, ಹೀಗೆ ವಾಲಿ ಕೂಡುವುದು ಈಗ ಉಸಿರಾಡಿದಷ್ಟು ರೂಢಿ, ಬಲಗಡೆ ಹೊಲಿಗೆ ಹಾಕಿದಲ್ಲಿ ಏನೂ ತಾಗಬಾರದು, ಬೆರಳಿನಗಲದ ಜಾಗ ಅದು, ನಿದ್ದೆಯಲ್ಲಿ ಹೆಂಡತಿ ದುಂಡಮ್ಮನ ಕೈ ಅತ್ತ ಬಂದರೂ ಗೋಡೆಗೆ ಸರಿದುಬಿಡುತ್ತಾನೆ — ಏನಂದ ಈ ಕರೀಂಸಾಬ್, ಈಗ ಏನಂದ? ಬಿಳಿ ಬಟ್ಟೆಯ ಗಂಟು ಹೊತ್ತು ಪಡಸಾಲೆ ದಾಟುತ್ತ ಕಂಪೌಂಡರ್ ಕರೀಂಸಾಬ್ ನಗುನಗುತ್ತಲೇ ಅಂದುಬಿಟ್ಟ, ಯಾಕ ಹೆದರ್ತೀ ಮಾಳಿಂಗಪ್ಪಾ, ನಿನ್ನ ತಮ್ಮಗ ಏನೂ ಆಗಂಗಿಲ್ಲ, ನಿನಗ ಹಾಕಿದ ಟಾಂಕಾನೇ, ಅದೇ ಹೊಲಿಗೀನೇ ಅವಗೂ ಹಾಕ್ತಾರ, ಡಾಕ್ಟರ್ ಸಾಹೇಬ್ರು ಎಲ್ಲಾರಿಗೂ ನಿನ್ನ ಹೆಸರ ಹೇಳ್ತಾರ ನೋಡು, ಈ ಹೊಸಾ ಟಾಂಕಾ ಮೊದಲ ಹಾಕಿದ್ದು ಕಮಲಾಪುರದ ಮಾಳಿಂಗಪ್ಪಗ, ಅವಗ ಒಂದಿನ ಸೈತ ನೋವಾಗಿಲ್ಲ ಅಂತಾರ. ಅಂದವನೇ ಒಳಗೆ ಹೋದ.

ಒಂದು ದಿನ ಸಹ! ಯಾರಿಗೆ ನೋವಾಗಿಲ್ಲ, ಕಮಲಾಪುರದಲ್ಲಿ ಇನ್ನೊಬ್ಬ ಮಾಳಿಂಗಪ್ಪ ಇದ್ದಾನೆಯೇ, ಸೀನು ಬಂದರೆ ಎರಡೂ ಕೈಯಿಂದ ಗೋಡೆ ಹಿಡಿಯುವ ಮಾಳಿಂಗಪ್ಪ ಇವನೇ ಅಲ್ಲವೇ, ಬಂಡಿಯ ಗಾಲಿ ಕಲ್ಲಿಗೆ ಹತ್ತಿ ಇಳಿದರೆ ಬೆವರುವವನು, ಮೊದಲು ಕೆಂಪು ಬಾಳೆಯ ಗೊನೆಗಳನ್ನು ಹೆಗಲಿಗೆ ಹಾಕಿಕೊಂಡು ತೋಟದಿಂದ ಬಂಡಿಗೆ ಓಡುತ್ತಿದ್ದವನು, ಈಗ ಬಾಳೆಯ ಬುಡದಲ್ಲಿ ಕೂತು ಒಣಗಿದ ಎಲೆ ಕೊಯ್ಯುವ ಹೆಂಗಸರ ಕೆಲಸ ಮಾಡುವವನು, — ಗೊನೆ ಎತ್ತಿ ಎತ್ತಿಯೇ ಕರುಳು ಇಳಿದದ್ದು, ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಂಟು, ಆಮೇಲೆ ಬದನೆಕಾಯಿಯಷ್ಟು, ಊರವರು ನಕ್ಕರು, ಮಾಳಿಂಗಪ್ಪ ಅಲ್ಲೂ ಗೊನೆ ಬಿಟ್ಟಾನ ಅಂದರು, ಅವನೂ ನಕ್ಕ, ನಕ್ಕರೂ ನೋವು, ಕಡೆಗೆ ಕಲಬುರಗಿಗೆ ಬಂದು ಈ ಧರ್ಮದ ದವಾಖಾನೆಯಲ್ಲಿ ಕೊಯ್ಯಿಸಿಕೊಂಡ, ಗಂಟು ಹೋಯಿತು, ಗಂಟು ಖರೇನೇ ಹೋಯಿತು, ಆದರೆ ಹುತ್ತ ಬಡಿದರೆ ಹಾವು ಸಾಯುತ್ತದೆಯೇ, ಹೊಲಿಗೆಯ ಕೆಳಗೆ ಉರಿ ಕೂತುಬಿಟ್ಟಿತು. ಇದು ಸಾಹೇಬರಿಗೆ ಗೊತ್ತಿದೆ ಅಂದುಕೊಂಡಿದ್ದ. ಹೊಟ್ಟೆ ಸೀಳಿ ಕರುಳು ಕಂಡವರಿಗೆ ನೋವು ಕಾಣದೇ, ಗೊತ್ತಿದ್ದೂ ಸುಮ್ಮನಿದ್ದಾರೆಂದರೆ ಇದಕ್ಕೆ ಮದ್ದಿಲ್ಲ, ಜೀವ ಉಳಿಯಿತಲ್ಲ, ಇಷ್ಟಾದರೂ ತಾಳಬೇಡವೇ ಎಂದುಕೊಂಡು ತಾಳಿದ್ದ.

ಗೊತ್ತೇ ಇಲ್ಲವಂತೆ! ಆದರೆ ಹೇಳಲಿಕ್ಕೆಂದೇ ಬಂದಿದ್ದನಲ್ಲ, ಒಂದು ಸಲವಲ್ಲ ಎರಡು ಸಲವಲ್ಲ, ಬಂಡಿಯಲ್ಲಿ ಹಲ್ಲು ಕಚ್ಚಿ ಕೂತು ಬಂದು ಇದೇ ಬೆಂಚಿನ ಮೇಲೆ ಕಾದಿದ್ದ, ಸಾಹೇಬರು ಹೊರಗೆ ಬರುವರು, ಹೈದರಾಬಾದಿನವರು, ಕನ್ನಡದ ಗಂಧವಿಲ್ಲ, ದೂರದಿಂದಲೇ ಅವನ ಸೊಂಟದ ಕಡೆ ಒಂದು ಬೆರಳು ತೋರಿಸಿ ಕೇಳುವರು, ಆರಾಮ್ ಹೈ? ಅವನು ಎದ್ದು ಕೈಮುಗಿದು, ಆರಾಮ್ ಹೈ ಸಾಬ್. ಮತ್ತೇನು ಅನ್ನಬೇಕು? ಆರಾಮೇನು ಎಂದು ಕೇಳಿದರೆ ಆರಾಮ ಅನ್ನುವುದು, ಅದು ರಾಮರಾಮ ಅಂದ ಹಾಗೆ, ಶರಣು ಅಂದರೆ ಶರಣು ಅಂದ ಹಾಗೆ, ಮಲ್ಕಮ್ಮತ್ತೆ ಸಾಯುವ ದಿನ ಬಾಯಿಗೆ ನೀರು ಬಿಡುತ್ತ ಕೇಳಿದರೆ ಆರಾಮ ಅದೀನಪ್ಪಾ, ನೀ ಆರಾಮ ಅದೀಯೇನು ಅಂದಳು, ಹೊತ್ತು ಮುಳುಗುವುದರೊಳಗೆ ಹೋದಳು, ಯಾರಾದರೂ ಅವಳನ್ನು ಸುಳ್ಳಿ ಅಂದರೇ? ಮೊದಲು ಆರಾಮ, ಆಮೇಲೆ ಕೂಡುವುದು, ನೀರು ಕುಡಿಯುವುದು, ದನಕರು ಮಳೆ ಬೆಳೆ ಎಲ್ಲ ಆದ ಮೇಲೆ ಒಂದು ಉಸಿರು ಬಿಟ್ಟು ಆದರ, ಹಿಂಗದ ನೋಡ್ರಿ ಅನ್ನುವುದು, ನೋವೆಲ್ಲ ಆ ಆದರದ ಹಿಂದೆ ಬರುತ್ತದೆ, ಬಂದ ಕೂಡಲೇ ಎದುರಿಗೆ ಸುರುವುವುದು ಮನುಷ್ಯರ ರೀತಿಯೇ? ಅವನು ಆದರ ಬಾಯಿಗೆ ತಂದುಕೊಳ್ಳುವಷ್ಟರಲ್ಲಿ ಸಾಹೇಬರು ಶಾಬಾಸ್ ಅಂದು ಮುಂದಿನ ಬೆಂಚಿಗೆ ಹೋಗಿರುತ್ತಿದ್ದರು. ಅವರು ಕೇಳಿದ್ದು ಅದಲ್ಲ. ಅವರ ಮಾತಿನಲ್ಲಿ ಅದು ನೋವು ಹೋಯಿತೇ ಎಂಬ ಪ್ರಶ್ನೆ, ನೋವು ಹೋಯಿತು ಸಾಬ್ ಎಂದು ಕೈಮುಗಿದು ಹೇಳಿ ಹೇಳಿ ಬಂದಿದ್ದಾನೆ, ನಿಜಾಮನ ಮೊಗಲಾಯಿಯಲ್ಲಿ ಹುಟ್ಟಿ ಸಂತೆಯಲ್ಲಿ ಉರ್ದು ಆಡಿಕೊಂಡು ಬೆಳೆದು ಇಷ್ಟು ತಿಳಿಯಲಿಲ್ಲ, ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನಂತೆ, ಇವನಿಗೆ ಬಾಯಿ ಇದ್ದೂ ಹೀಗಾಯಿತು.

ಎಲ್ಲರಿಗೂ ನಿನ್ನ ಹೆಸರು ಹೇಳುತ್ತಾರೆ, ಎಲ್ಲರಿಗೂ ಅಂದರೆ ಯಾರಿಗೆ — ಅಯ್ಯೋ, ನಂದೂರಿನ ಕಲ್ಯಾಣಪ್ಪ! ಅವನಿಗೂ ಇಲ್ಲೇ ಕೊಯ್ದದ್ದು, ಮೊನ್ನೆ ಸಂತೆಯಲ್ಲಿ ಸಿಕ್ಕಿದ್ದ, ಆರಾಮೇನೋ ಕಲ್ಯಾಣಪ್ಪಾ, ಆರಾಮ ನೋಡೋ, ನೀ ಆರಾಮೇನು, ಆರಾಮ, ಇಬ್ಬರೂ ಹಲ್ಲು ಕಿರಿದು ನಿಂತಿದ್ದರು, ಕಲ್ಯಾಣಪ್ಪ ಬಂಡಿಯ ಮೂಕಿಗೆ ಆತು ನಿಂತಿದ್ದ, ಎಡಕ್ಕೆ ವಾಲಿದ್ದ, ಎಡಕ್ಕೇ, ಕಣ್ಣಾರೆ ಕಂಡೂ ಬುದ್ಧಿಗೆ ಹತ್ತಲಿಲ್ಲ. ಈಗ ಒಳಗೆ ಕಾಶಿರಾಯ ಇದ್ದಾನೆ, ತಾಯಿ ಸತ್ತ ಮೇಲೆ ಮಾಳಿಂಗಪ್ಪನೇ ಎತ್ತಿ ಆಡಿಸಿದ ತಮ್ಮ, ಅವನಿಗೂ ಅದೇ ತೋಟ ಅದೇ ಗೊನೆ ಅದೇ ಗಂಟು, ಹೋದ ತಿಂಗಳು ಕರುಳು ಸಿಕ್ಕಿಕೊಂಡು ನೆಲಕ್ಕೆ ಬಿದ್ದು ಹೊರಳಾಡಿದ, ಬಿಸಿ ಶಾಖ ಕೊಟ್ಟು ಹೇಗೋ ಒಳಗೆ ತಳ್ಳಿದರು, ಇನ್ನೊಮ್ಮೆ ಸಿಕ್ಕಿದರೆ ಉಳಿಯುವುದಿಲ್ಲ ಅಂದರು, ಕೊಯ್ಯಿಸದೆ ಗತಿಯಿಲ್ಲ, ಇವತ್ತು ಬಂಡಿ ಶರಣಬಸಪ್ಪನ ಗುಡಿ ಹಾಯುವಾಗ ಕಾಶಿರಾಯ ಕೈಮುಗಿದು ಕೇಳಿದ, ಅಣ್ಣಾ, ಖರೇ ಹೇಳು, ಆಮ್ಯಾಲ ನೋವು ಇರ್ತದೇನು? ಏ ಹುಚ್ಚಾ, ನನ್ನ ನೋಡು, ಆರಾಮ ಅದೀನಿ. ಅವನಿಗೂ ಅಂದ! ಹೆದರಿ ವಾಪಸು ತಿರುಗಿಯಾನೆಂದು ಅಂದ, ನನ್ನ ಮೈಯ ಕರ್ಮ ನನಗೆ, ಅವನಿಗೆ ಸರಿಹೋದೀತೆಂದು ಅಂದ, ಆದರೆ ಅದು ಮೈಯ ಕರ್ಮ ಅಲ್ಲ, ಟಾಂಕಾದ್ದು, ಅದೇ ಟಾಂಕಾ, ಅದು ಎಲ್ಲೋ ಏನನ್ನೋ ಹಿಡಿದು ಹೊಲಿದುಬಿಟ್ಟಿದೆ, ಇನ್ನು ಈಗ ತಮ್ಮನಿಗೂ. ಎದ್ದೇಳಬೇಕು, ಹೇಳಬೇಕು, ಆದರೆ ಯಾವ ಮಾತಿನಲ್ಲಿ, ಸಂತೆಯ ಉರ್ದುವಿನಲ್ಲಿ ಬಾಳೆಹಣ್ಣಿನ ಭಾವ ಧಾರಣೆ ಹೇಳಬಹುದು, ತೊಡೆಯೊಳಗೆ ಹರಿದಾಡುವ ಉರಿಗೆ ಅಲ್ಲಿ ಏನನ್ನುತ್ತಾರೋ ಅವನಿಗೆ ತಿಳಿಯದು.

ಬಾಗಿಲು ತೆರೆಯಿತು. ಸಾಹೇಬರು, ತೋಳು ಮೇಲೆ ಮಡಚಿದ್ದಾರೆ, ಕೈ ತೊಳೆದು ಒದ್ದೆ, ಅವರ ಹಿಂದೆ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತ ಕಾಶಿರಾಯ, ಕಿಟಕಿಯ ಬೆಳಕಿಗೆ ಬಾಗಿದ ಸೂಜಿ ಹಿಡಿದು ರೇಷ್ಮೆ ದಾರ ಪೋಣಿಸುತ್ತಿರುವ ಕರೀಂಸಾಬ್, ಸಾಹೇಬರು ತಮ್ಮನಿಗೆ ಧೈರ್ಯ ಬರಲೆಂದೇ ಇವನ ಕಡೆ ಬೆರಳು ತೋರಿಸಿ ಗಟ್ಟಿಯಾಗಿ ಕೇಳಿದರು, ಕ್ಯೂಂ ಮಾಳಿಂಗಪ್ಪಾ, ಆರಾಮ್ ಹೈ? ಆ, ಬಂತು, ನಾಲಿಗೆಯ ತುದಿಗೆ ತಾನಾಗಿಯೇ ಬಂತು, ಆರಾ, ಹಲ್ಲು ಕಚ್ಚಿದ, ನಾಲಿಗೆ ಕಡಿಯಿತು, ಬಾಯಲ್ಲಿ ಉಪ್ಪು, ಕೈ ತಾನಾಗಿ ಮುಗಿಯಲು ಹೊರಟಿತ್ತು, ಆ ಕೈಯಿಂದಲೇ ಧೋತರದ ಗಂಟು ಸಡಿಲಿಸಿದ, ಸಾಹೇಬರ ಒದ್ದೆ ಕೈ ಹಿಡಿದ, ಏ ಏನ್ ಮಾಡ್ತೀಲೇ ಎಂದು ಒಳಗಿನಿಂದ ಕರೀಂಸಾಬ್ ಕೂಗಿದ, ಬಾಳೆ ಹೊರುವವನು ಸಾಹೇಬರ ಕೈ ಹಿಡಿಯುವುದೆಂದರೇನು, ಹಿಡಿದ, ಆ ಬೆರಳನ್ನೇ ಆರಿಸಿ ಹೊಲಿಗೆಯ ಆ ಜಾಗಕ್ಕೆ ತಂದು ಒತ್ತಿದ. ಕೂಗಿದ್ದು ತಾನೇ ಎಂದು ಅವನಿಗೆ ಆಮೇಲೆ ತಿಳಿಯಿತು, ದನ ಕೂಗಿದ ಹಾಗೆ ಕೂಗಿದ್ದ, ಮೊಣಕಾಲು ನೆಲಕ್ಕೆ ಹತ್ತಿತ್ತು, ಸಾಹೇಬರು ಕೈ ಎಳೆದುಕೊಂಡಿದ್ದರು, ಅವರ ಮುಖ ಸುಣ್ಣದ ಹಾಗೆ, ಕಬ್ ಸೇ? ಉಸೀ ದಿನ್ ಸೇ ಸಾಬ್, ಅವತ್ತಿನಿಂದಾನೇ. ಸಾಹೇಬರು ಕರೀಂಸಾಬನ ಕಡೆ ತಿರುಗಿದರು, ಬಾಕೀ ಲೋಗಾಂ? ವೋ ನಂದೂರ್ ವಾಲಾ ಭೀ ಆರಾಮ್ ಇಚ್ ಬೋಲಾ ನಾ? ಉಳಿದವರೆಲ್ಲ, ಆ ನಂದೂರಿನವನೂ, ಅದನ್ನೇ ಅಂದಿದ್ದರು, ಕರೀಂಸಾಬನ ಕೈಯ ಸೂಜಿಯಿಂದ ದಾರ ಜೋಲುತ್ತಿತ್ತು, ಮೇಜಿನ ಮೇಲಿಂದ ಕಾಶಿರಾಯ ಸಣ್ಣ ದನಿಯಲ್ಲಿ ಅಂದ, ಅಣ್ಣಾ, ಆರಾಮ ಅದೀನಿ ಅಂದಿದ್ದಿಯಲ್ಲಾ — ಅಂದಿದ್ದ, ತಮ್ಮಾ, ಅಂದಿದ್ದ, ಆದರ, ಆದರ ಎಂದು ಈಗ ಬಾಯಿ ಬಂತು, ಆದರೆ ಅದರ ಹಿಂದೆ ಏನು ಹೇಳುವುದು, ಕೊಯ್ಯಿಸಿಕೊಂಡರೆ ಈ ಉರಿ, ಬಿಟ್ಟರೆ ಸಾವು, ಕಣ್ಣೆದುರಿಗೆ ಸಾಹೇಬರ ಬೆರಳು, ಸುಟ್ಟುಕೊಂಡವರು ಹಿಡಿದ ಹಾಗೆ ಬೇರೆಯಾಗಿ ಹಿಡಿದ ಬೆರಳು, ಮೇಜಿನ ಕಡೆಗೂ ಹೋಗುತ್ತಿಲ್ಲ, ಕೆಳಗೂ ಇಳಿಯುತ್ತಿಲ್ಲ, ಅಲ್ಲೇ ನಿಂತಿದೆ, ಆ ಬೆರಳು.