ಸಂಪಿಗೆ ಮರಕ್ಕೆ ಮಾರಿದ ಮಗ

ನನ್ನ ಅತ್ತೆ ಅಕ್ಕಯಮ್ಮ ತಮ್ಮ ಮಗನನ್ನು ಒಂದು ಮರಕ್ಕೆ ಮಾರಿದ್ದರು. ಮೊದಲು ಹುಟ್ಟಿದ ಕೂಸುಗಳೆಲ್ಲ ಬಾಣಂತನ ಮುಗಿಯುವುದರೊಳಗೆ ಮಣ್ಣು ಸೇರಿದ್ದವಂತೆ. ಅಂಥ ಮನೆಯಲ್ಲಿ ಆಮೇಲೆ ಹುಟ್ಟಿದ್ದನ್ನು ಬೇರೆಯವರಿಗೆ ಮಾರಿ, ಒಂದು ಮೊರ ತವುಡು ಕೊಟ್ಟು ವಾಪಸು ಕೊಳ್ಳುವುದು ನಮ್ಮ ಜರಗನಹಳ್ಳಿ ಮನೆಯ ರೂಢಿ. ಮಗು ಪರರದ್ದಾದರೆ ಸಾವಿನ ಕಣ್ಣು ಬೀಳುವುದಿಲ್ಲವಂತೆ. ಅತ್ತೆಗೆ ಊರಿನ ಒಬ್ಬರ ಮೇಲೂ ನಂಬಿಕೆಯಿರಲಿಲ್ಲ. ಪೇಟೆಗೆ ಸೊಪ್ಪು ಮಾರಲು ಬಂದಾಗ ತಾವೇ ಲಾಲ್‌ಬಾಗಿನೊಳಗೆ ಹೋಗಿ, ಹಳೇ ಸಂಪಿಗೆ ಮರದ ಬುಡದಲ್ಲಿ ಕೂಸನ್ನು ಮಲಗಿಸಿ, "ನಿಂದೇ ಕಣವ್ವ, ಇಟ್ಕೋ" ಅಂದರಂತೆ. ಕೂಸಿನ ಬಲಗಡೆ ಒಂದು ಹೂ ಬಿತ್ತು. ವ್ಯಾಪಾರ ಕುದುರಿತು.

ಕೂಸನ್ನು ಎತ್ತಿಕೊಂಡು ಮನೆಗೆ ಬಂದರು, ತವುಡು ಕೊಟ್ಟು ವಾಪಸು ಮಾತ್ರ ಕೊಳ್ಳಲಿಲ್ಲ. "ಅಲ್ಲೇ ಭದ್ರವಾಗವ್ನೆ, ಇರ್ಲಿ" ಅನ್ನುವರು. ಅತಿ ಜಾಣತನ ಅಂದರೆ ಇದೇ! ಮಗನಿಗೆ ಮೀಸೆ ಬಂತು, ಅದೇ ತೋಟದಲ್ಲಿ ಮಾಲಿ ಕೆಲಸ ಸಿಕ್ಕಿತು, ನನ್ನನ್ನು ಕಟ್ಟಿಕೊಂಡದ್ದೂ ಆಯಿತು. "ಹಂಗಾದ್ರೆ ನನ್ನತ್ತೆ ಆ ಮರ. ನಿಮ್ಮ ಬೈಗುಳ ನಾನ್ಯಾಕೆ ಕೇಳ್ಲಿ?" ಎಂದು ನಾನು ರೇಗಿಸುತ್ತಿದ್ದೆ.

ಎಂಬತ್ಮೂರರ ಬೇಸಿಗೆಯಲ್ಲಿ ಮರ ಒಣಗಿತು. ಯೂನಿವರ್ಸಿಟಿ ಹುಡುಗರು ನೋಡಿ ಬರೆದುಕೊಂಡು ಹೋಗುತ್ತಿದ್ದ ಮರ, ಒಳಗೆಲ್ಲ ಗೆದ್ದಲು. ಒಂದು ಕೊಂಬೆ ಬೆಂಚಿನ ಮೇಲೆ ಮುರಿದು ಬಿದ್ದದ್ದೇ ಕಡಿಯಲು ಆರ್ಡರ್ ಬಂತು. ಹಗ್ಗ ಹಿಡಿದು ಮರ ಹತ್ತುವ ಕೆಲಸ ನನ್ನ ಗಂಡ ಚಿಕ್ಕಬೈರಪ್ಪನವರದೇ.

"ನೀನ್ ಕೊಡ್ಲಿ ಹಾಕ್ಬೇಡ ಕಣಪ್ಪ" ಎಂದು ಅತ್ತೆ ಕಾಲು ಹಿಡಿಯುವುದೊಂದು ಬಾಕಿ.

"ನಾನಿಲ್ದಿದ್ರೆ ಇನ್ನೊಬ್ಬ ಕಡೀತಾನೆ. ಮರ ಅಂತೂ ಉಳಿಯಲ್ಲ ಕಣವ್ವ" ಅಂದರು ಇವರು.

ಮರದ ಜೊತೆ ಅದರ ಮಗನೂ ಹೋದಾನೆಂಬ ಭಯಕ್ಕೆ, ಕಡಿಯುವ ದಿನ ಅತ್ತೆ ತವುಡಿನ ಮೊರ ಹೊತ್ತು, ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದರು. ಬುಡದಲ್ಲಿ ಮೊರ ಇಟ್ಟು, ಸೆರಗೊಡ್ಡಿ, "ಸಾಕಿದ್ದು ಸಾಕು. ನನ್ ಮಗನ್ನ ನಂಗೆ ಕೊಡವ್ವ" ಎಂದು ಬೇಡಿದರು. ಕೊಂಡವರು ಒಪ್ಪದೆ ಮಗು ಹಿಂದಕ್ಕೆ ಬರುವಂತಿಲ್ಲ. ಮರ ಒಪ್ಪಬೇಕಾದರೆ ಹೂ ಬೀಳಬೇಕು. ಹೂವಿನ ಮಾತು ಹಾಗಿರಲಿ, ಇಡೀ ಮರದಲ್ಲಿ ಒಂದು ಎಲೆಯೂ ಇರಲಿಲ್ಲ.

ಅತ್ತೆ ಕಾದರು. ಕೆಲಸದವರೂ ಕಾದರು. ಮೇಸ್ತ್ರಿ ಚಿನ್ನಪ್ಪ, "ಅಮ್ಮಾ, ಸಾಹೇಬ್ರು ಬರೋ ಹೊತ್ತಾಯ್ತು" ಅಂದ. ನನ್ನ ಗಂಡ ತಲೆ ತಗ್ಗಿಸಿ ಹಗ್ಗದ ಗಂಟನ್ನು ಬಿಚ್ಚುತ್ತ, ಮತ್ತೆ ಕಟ್ಟುತ್ತ ನಿಂತಿದ್ದರು.

ನನಗೆ ನೋಡಲಾಗಲಿಲ್ಲ. ಗೇಟಿನ ಹೂವಾಡಗಿತ್ತಿಯ ಹತ್ತಿರ ಓಡಿ, ಒಂದು ಸಂಪಿಗೆ ತಂದು, ಬೊಡ್ಡೆಯ ಹಿಂದಿನಿಂದ ಅತ್ತೆಯ ಸೆರಗಿಗೆ ಎಸೆದೆ.

ಅತ್ತೆಯ ಮುಖ ಅರಳಿತು. ಹೂವನ್ನು ಕಣ್ಣಿಗೊತ್ತಿಕೊಳ್ಳಲು ಎತ್ತಿದರು, ತೊಟ್ಟು ನೋಡಿದರು. ತೊಟ್ಟಿಗೆ ಬಾಳೆನಾರು ಸುತ್ತಿತ್ತು. ಬೈಯುತ್ತಾರೆ ಅಂದುಕೊಂಡೆ. ಹೂವನ್ನು ತಂದು ನನ್ನ ಜಡೆಗೇ ಮುಡಿಸಿದರು.

"ನೀನ್ ಕೊಟ್ರೆ ಆಗಲ್ಲ ಮಗಳೇ" ಅಂದರು. ಅಷ್ಟು ವರ್ಷದಲ್ಲಿ ಒಂದು ದಿನವೂ ಅವರು ನನ್ನನ್ನು ಮಗಳೇ ಅಂದಿರಲಿಲ್ಲ.

ಇವರು ಮರ ಹತ್ತಿದರು.

ಸಂಜೆ ಸೌದೆಗೆಂದು ಮರದ ಒಂದು ತುಂಡು ಮನೆಗೆ ಬಂತು. ಅತ್ತೆ ಒಲೆಗೆ ಹಾಕಲು ಬಿಡಲಿಲ್ಲ. ಬಾಗಿಲ ಹಿಂದೆ ನಿಲ್ಲಿಸಿ, ಮುಂದೆ ತವುಡಿನ ಮೊರ ಇಟ್ಟರು. ನಾನು ತಮಾಷೆ ಮಾಡಲಿಲ್ಲ.

ಊಟಕ್ಕೆ ಕೂತಾಗ ನನ್ನ ಗಂಡ ಕೆಮ್ಮಿದರು. ಮುದ್ದೆ ಗಂಟಲಿಗೆ ಸಿಕ್ಕಿತ್ತು, ಅಷ್ಟೇ. ಅತ್ತೆ ಬಾಗಿಲ ಹಿಂದಿನ ತುಂಡಿನ ಕಡೆ ತಿರುಗಿದರು. ಅವರಿಗಿಂತ ಮೊದಲೇ ನಾನು ತಿರುಗಿದ್ದೆ.