ಗುಬ್ಬಿಗೆ ಹಾಕಿದ ಕಾಳು

ಮುಸುರೆ ತಿಕ್ಕುತ್ತಿದ್ದ ನಿರ್ಮಲಾಳ ಕೈ ನಿಂತಿತು. ಹಿತ್ತಲ ಕರಿಬೇವಿನ ಬುಡದಲ್ಲಿ ಗುಬ್ಬಿಯೊಂದು ಮಗ್ಗುಲಾಗಿ ಬಿದ್ದು ಒಂದೇ ರೆಕ್ಕೆ ಬಡಿಯುತ್ತಿತ್ತು. ಬೆಕ್ಕು ಹಿಡಿದಿರಬೇಕು ಎಂದುಕೊಂಡು ಎದ್ದಳು. ಅದರಾಚೆ ಇನ್ನೂ ಎರಡು ಗುಬ್ಬಿ, ಬಚ್ಚಲ ಗೋಡೆಗೆ ಒಂದು ಬೆಳವ, ಕಾಲು ಸೆಟೆದು ಬಿದ್ದಿದ್ದವು. ಎಲ್ಲೂ ರಕ್ತವಿರಲಿಲ್ಲ.

ಸುಗ್ಗಿಯಲ್ಲಿ ಗುಬ್ಬಿಗಳಿಗೆಂದು ಸೂರಿಗೆ ಕಟ್ಟಿದ್ದ ಜೋಳದ ತೆನೆಗಳು ಎಂದೋ ಬರಿದಾಗಿದ್ದವು. ಅವುಗಳ ಕೆಳಗೆ ಈಗ ಒಂದು ತೆಂಗಿನ ಕರಟ. ಕರಟದಲ್ಲಿ ಗುಲಾಬಿ ಬಣ್ಣದ ಜೋಳ. ನಿನ್ನೆ ಹೊಲ ಬಿತ್ತಿ ಬಂದ ನಿರ್ಮಲಾ, ಉಡಿಯಲ್ಲಿ ಉಳಿದ, ಹುಳದ ಔಷಧ ಹಚ್ಚಿದ ಬೀಜವನ್ನು ಚೀಲಕ್ಕೆ ಸುರಿದು ಮೂಲೆಗಿಟ್ಟಿದ್ದಳು.

"ಸುಧಾ," ಎಂದಳು.

ಮಗಳು ಸುಧಾರಾಣಿ ಹಿತ್ತಲ ಬಾಗಿಲಲ್ಲೇ ಇದ್ದಳು. ಇನ್ನೂ ಶಾಲೆಗೆ ಹೋಗದ ಮಗು. ಮುಖ ತೊಳೆಯುವ ಮೊದಲೇ ಬಂದು ಗುಬ್ಬಿ ನೋಡುತ್ತ ಕೂರುವವಳು. ಅವಳ ಬೆರಳ ತುದಿಯೆಲ್ಲ ಗುಲಾಬಿ.

ಅತ್ತೆ ಫಕ್ಕೀರವ್ವ ಧಾವಿಸಿ ಬಂದು ಮೊಮ್ಮಗಳ ಗಲ್ಲ ಹಿಡಿದಳು. "ಬಾಯಾಗ ಹಾಕ್ಕೊಂಡೀ ಏನ? ಬಾಯಿ ತಗಿ. ತಗೀತಿ ಇಲ್ಲ?"

ಸುಧಾ ತುಟಿ ಬಿಗಿದಳು.

"ಬಿಡ್ರಿ ಅತ್ತಿ, ಹೆದರ್ಯಾಳ. ಅವರಿಗೆ ಗಾಡಿ ತಗೀರಿ ಅನ್ರಿ. ಹಾವೇರಿ ದವಾಖಾನಿಗೆ ಹೋಗೂಣು."

"ತಿಂದಿದ್ದರ ಇಷ್ಟೊತ್ತಿಗೆ..." ಫಕ್ಕೀರವ್ವನ ಕಣ್ಣು ಬೆಳವದ ಮೇಲೆ ಬಿತ್ತು. ಮಾತು ಮುಗಿಸದೆ ಒಳಗೆ ಓಡಿದಳು.

ನಿರ್ಮಲಾ ಮಗಳ ಕೈಗಳನ್ನು ಸಾಬೂನು ಹಚ್ಚಿ ತಿಕ್ಕಿದಳು. ಕಣ್ಣು ನೋಡಿದಳು, ಹೊಟ್ಟೆ ಮುಟ್ಟಿದಳು. ಕಿರಿಚಬೇಕೆನಿಸಿತು. ಕಿರಿಚಿದರೆ ಇವಳು ಬಾಯಿ ಬಿಡುವುದೇ ಇಲ್ಲ. ಮಗಳ ಎದುರು ನೆಲದ ಮೇಲೆ ಕುಳಿತಳು.

"ನಾ ಬೈಯೂದಿಲ್ಲವ್ವ. ಗುಬ್ಬಿ ಹಸದಿದ್ವು, ನೀ ಕಾಳ ಹಾಕಿದಿ. ಆಮ್ಯಾಲೆ?"

ಮುಂಬಾಗಿಲಲ್ಲಿ ಗಂಡ ಶಂಭುಲಿಂಗ ಬೈಕಿಗೆ ಒದೆಯುತ್ತಿದ್ದ; ಅದು ಕೆಮ್ಮಿ ಸುಮ್ಮನಾಗುತ್ತಿತ್ತು. "ಲಗೂ ಬಾ ನಿರ್ಮಲಾ," ಎಂದು ಕೂಗಿದ.

"ಬಂದೆರಿ," ಎಂದಳು. ಏಳಲಿಲ್ಲ. "ಹೇಳ ನನ್ನವ್ವ. ಡಾಕ್ಟರಿಗೆ ಏನಂತ ಹೇಳಲಿ?"

ಸೂರಿನಿಂದ ಮತ್ತೊಂದು ಗುಬ್ಬಿ ಇಳಿದು ಕರಟದ ಅಂಚಿಗೆ ಕುಳಿತಿತು. ನಿರ್ಮಲಾ ಅಲುಗುವ ಮೊದಲೇ ಸುಧಾ ಓಡಿದಳು. ಎರಡೂ ಒದ್ದೆ ಕೈ ಬೀಸಿ ಗುಬ್ಬಿಯನ್ನು ಓಡಿಸಿದಳು. ಅದು ನುಗ್ಗೆ ಗಿಡಕ್ಕೆ ಹಾರಿತು. ಅದು ಕೂರುವವರೆಗೂ ನೋಡುತ್ತ ನಿಂತು, ಆಮೇಲೆ ಅವ್ವನ ಕಡೆ ತಿರುಗಿದಳು.

"ಅವ್ವಾ, ಒಂದ ಕಾಳ ನುಂಗಿದರ ಏನಾಗತೈತಿ?"